ಒಳಗಿನಿಂದ ಚಿಲಕವಿರುವ ಗಾಡಿ

ನನ್ನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಗೋಪನಕೊಪ್ಪದ ನಮ್ಮ ಮನೆಯ ಸಣ್ಣ ಕೋಣೆಯೊಂದನ್ನು ಖಾಲಿ ಮಾಡಿ ಬಿಳಿ ಬಣ್ಣ ಹಚ್ಚಿಸಿದೆವು. ಆಕೆಯದು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್. ದಿನಕ್ಕೆ ನಾಲ್ಕು ಸಲ ಆ ಕೋಣೆಯಲ್ಲಿ ಕೂತು, ಹೊಟ್ಟೆಗೆ ಹಾಕಿದ ಕೊಳವೆಯಿಂದ ಹಳೆಯ ನೀರನ್ನು ಹೊರಗೆ ಬಿಟ್ಟು ಚೀಲದೊಳಗಿನ ಔಷಧಿ ನೀರನ್ನು ಒಳಗೆ ಇಳಿಸಬೇಕು. ಅರ್ಧ ತಾಸಿನ ಕೆಲಸ. ಅಷ್ಟು ಹೊತ್ತು ಕಿಟಕಿ ಮುಚ್ಚಿರಬೇಕು, ಫ್ಯಾನು ನಿಂತಿರಬೇಕು, ಮೂಗುಬಾಯಿಗೆ ಮಾಸ್ಕು ಇರಬೇಕು. ಯಾರೂ ಒಳಗೆ ಬರಬಾರದು. ನಾನು ಚೀಲವನ್ನು ಬೆಚ್ಚಗೆ ಮಾಡಿ ಗೋಡೆಯ ಕೊಕ್ಕೆಗೆ ತೂಗುಹಾಕಿ ಹೊರಗೆ ಬರುತ್ತಿದ್ದೆ. ಆಮೇಲೆ ಅಡಿಗೆಮನೆಯಲ್ಲಿ ಆಕೆಯ ಪಾಲಿನ ತರಕಾರಿಯನ್ನು ಬೇರೆಯಾಗಿ ಕುದಿಸಿ ನೀರು ಬಸಿಯುವುದು. ಉಪ್ಪು ಕಡಿಮೆ, ಬೇಳೆ ಕಡಿಮೆ. ಹೀಗೆ ನಮ್ಮ ದಿನಗಳು ಒಂದು ಅಳತೆಗೆ ಬಂದಿದ್ದವು.

ಇಷ್ಟು ಬಿಡಿಸಿ ಹೇಳದಿದ್ದರೆ, ನಮ್ಮಂಥವರು ಒಳಗೇ ಉಂಡು ಮಲಗಬಹುದಾದ ಕ್ಯಾಂಪರ್ ವ್ಯಾನಿನ ಮಾತು ಯಾಕೆ ತೆಗೆದೆವು ಎಂಬುದು ಯಾರಿಗೂ ತಿಳಿಯುವುದಿಲ್ಲ. ಓಣಿಯವರಿಗೂ ತಿಳಿದಿರಲಿಲ್ಲ. "ಈ ವಯಸ್ಸಿನ್ಯಾಗ ಇವರಿಗ್ಯಾಕ ಈ ಶೋಕಿ?" ಅಂದರಂತೆ.

ಅದಕ್ಕಿಂತ ಹಿಂದಿನ ಬೇಸಿಗೆಯಲ್ಲಿ ಉಪ್ಪಿನಬೆಟಗೇರಿಯ ನನ್ನ ಕಾಕು, ಅಂದರೆ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಅವರ ಮೊಮ್ಮಗನ ಜವಳ. ಊಟವಾದ ಮೇಲೆ ಆಕೆಗೆ ಒಳಗಿನ ಕೋಣೆಯೊಂದನ್ನು ಬಿಟ್ಟುಕೊಟ್ಟರು. ಹಗಲು ಹೊತ್ತು ಒಳಗಿನ ಕದ ಹಾಕುವ ರೂಢಿ ಆ ಮನೆಯಲ್ಲಿಲ್ಲ, ಹಾಗಾಗಿ ಕದಕ್ಕೆ ಚಿಲಕವೂ ಇರಲಿಲ್ಲ. ನಾನು ಹೊರಗೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಅಡಿಗೆಮನೆಯ ಕಡೆಗೂ ಒಂದು ಕದವಿತ್ತು. ಕಾಕು ಆ ಕಡೆಯಿಂದ ಮೊರದಲ್ಲಿ ಅಕ್ಕಿ, ಕೊಬ್ಬರಿ, ಎಲೆಅಡಿಕೆ, ಕುಪ್ಪಸದ ಕಣ ಇಟ್ಟುಕೊಂಡು ಒಳಗೆ ಬಂದರು.

"ಮುತ್ತೈದಿ ಬರೀ ಉಡೀಲೆ ಹೊಂಟರ ಹೆಂಗ ನಮ್ಮವ್ವಾ? ಏಳಬ್ಯಾಡ, ಕುಂತಲ್ಲೇ ಸೆರಗ ಹಿಡಿ" ಎಂಬ ದನಿ ಕೇಳಿ ನಾನು ಎದ್ದೆ.

ಆಗ ಕೊಳವೆಯ ಬಾಯಿ ತೆರೆದಿತ್ತು. ಮಾಸ್ಕಿನೊಳಗಿಂದ ಮಾತಾಡುವಂತಿಲ್ಲ. ಆಕೆ ಕೈ ಎತ್ತಿ ಬೇಡವೆಂದಳು. ಬೇಡ ಬೇಡ ಅನ್ನುವುದೂ ಉಡಿ ತುಂಬಿಸಿಕೊಳ್ಳುವ ಶಾಸ್ತ್ರದ ಒಂದು ಭಾಗವೇ ಅಲ್ಲವೆ? ಕಾಕು ಇನ್ನಷ್ಟು ಪ್ರೀತಿಯಿಂದ ಒತ್ತಾಯ ಮಾಡಿದರು. ತಾವೇ ಸೆರಗು ಹರಡಿ, ಐದು ಸಲ ಬೊಗಸೆ ತುಂಬಿ ಅಕ್ಕಿ ಸುರಿದು, ಅರಿಷಿಣ ಕುಂಕುಮ ಹಚ್ಚಿದರು. ನಾನು ಕದ ದೂಡಿ ಒಳಗೆ ಹೋಗುವಷ್ಟರಲ್ಲಿ ಅಕ್ಕಿಯ ಕಾಳು ಕೊಳವೆಯ ಮೇಲೂ ಬಿದ್ದಿದ್ದವು.

ಹೊರಬಂದ ನೀರಿನ ಚೀಲವನ್ನು ದಿನಪತ್ರಿಕೆಯ ಮೇಲಿಟ್ಟು ನೋಡುವುದು ನಮ್ಮ ಪದ್ಧತಿ. ಕೆಳಗಿನ ಅಕ್ಷರ ಓದಲು ಬಂದರೆ ಎಲ್ಲ ಸರಿ ಇದೆ ಎಂದರ್ಥ. ಎರಡು ದಿನ ಬಿಟ್ಟು ಬೆಳಗ್ಗೆ ನೋಡಿದರೆ ದಪ್ಪ ತಲೆಬರಹವೂ ಕಾಣಲಿಲ್ಲ. ನೀರು ಅಕ್ಕಿ ತೊಳೆದ ನೀರಿನ ಹಾಗಿತ್ತು. ಹೊಟ್ಟೆಯೊಳಗೆ ಸೋಂಕಾಗಿತ್ತು. ಜ್ವರ, ನೋವು, ಆಸ್ಪತ್ರೆ. ಕಣ್ಣು ಬಿಟ್ಟು ಮಾತಾಡುವ ಹಾಗಾದ ದಿನ ಆಕೆ ಮೊದಲು ಹೇಳಿದ್ದು, "ಕಾಕುಗ ಹೇಳಬ್ಯಾಡ್ರಿ. ಗೊತ್ತಾದರ ಆಕಿ ಇನ್ನ ಯಾರ ಉಡಿನೂ ತುಂಬೂದಿಲ್ಲ."

ಹೇಳಲಿಲ್ಲ. ಆದರೆ ಆಮೇಲೆ ಆಕೆ ಯಾರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಮದುವೆ, ಮುಂಜಿವೆ, ಸತ್ತವರ ಮನೆ, ಎಲ್ಲಕ್ಕೂ ನಾನೊಬ್ಬನೇ ಹೋಗಿ ಮುಖ ತೋರಿಸಿ ಬರುತ್ತಿದ್ದೆ. ಆಕೆಯ ಅಕ್ಕ ಸೊಲ್ಲಾಪುರದಲ್ಲಿದ್ದಾರೆ. ಸೊಂಟದ ಎಲುಬು ಮುರಿದು ಅವರೂ ಊರು ಬಿಡುವಂತಿಲ್ಲ. ಅಕ್ಕತಂಗಿಯರು ದಿನಾ ಸಂಜೆ ಫೋನಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಕ್ಕನ ಫೋನು ಯಾವಾಗಲೂ ಹಣೆಯನ್ನಷ್ಟೇ ತೋರಿಸುತ್ತಿತ್ತು. "ಅಕ್ಕಾ, ಸ್ವಲ್ಪ ಕೆಳಗ ಹಿಡಿ, ನಿನ್ನ ಬೈತಲಿ ನೋಡಿ ಸಾಕಾತು" ಎಂದು ಇವಳು ನಗುತ್ತಿದ್ದಳು. ಮಾತು ಮುಗಿದ ಮೇಲೆ ಫೋನಿನ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು.

ಒಮ್ಮೆ ಆಸ್ಪತ್ರೆಯ ಅಂಗಳದಲ್ಲಿ ಕಣ್ಣು ತಪಾಸಣೆಯ ವ್ಯಾನು ನಿಂತಿತ್ತು. ಒಳಗೆ ಕೋಣೆಯ ಹಾಗೆ ಕುರ್ಚಿ, ದೀಪ, ಬಾಗಿಲು. ಆಕೆ ಅದರ ಸುತ್ತ ಒಂದು ಸುತ್ತು ಹಾಕಿ ಬಂದು, "ಇಂಥಾದೊಂದು ಇದ್ದರ ನಾ ಅಕ್ಕನ ಮನಿಗೆ ಹೋಗ್ತೇನಿ ನೋಡ್ರಿ" ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ತಾರಿಹಾಳದಲ್ಲಿ ಆಂಬುಲೆನ್ಸು, ಶಾಲೆಯ ವ್ಯಾನುಗಳಿಗೆ ಬಾಡಿ ಕಟ್ಟುವವರೊಬ್ಬರ ಹತ್ತಿರ ಹೋದೆವು. ಆಗ ಶ್ರಾವಣ ಹಿಡಿದಿತ್ತು. ವೆಲ್ಡಿಂಗಿನ ಕಿಡಿ ಬೀಳದ ಮೂಲೆ ಹುಡುಕಿ ಅವರು ಆಕೆಗೆ ಕುರ್ಚಿ ಹಾಕಿಸಿದರು.

"ಒಳಗ ಸ್ಟೀಲ್ ಹೊಡದರ ಒರಸಾಕ ಬರ್ತದೇನ್ರಿ?" ಎಂದು ಆಕೆ ಕೇಳಿದಳು.

"ಒರಸೂದೇನ್ರಿ ಅಕ್ಕಾರ, ಅದರಾಗ ಮುಖಾ ನೋಡ್ಕೊಂಡು ಕುಂಕುಮ ಹಚ್ಕೋಬಹುದು!"

ಕೈ ತೊಳೆಯುವ ಬೇಸಿನ್, ಚೀಲಕ್ಕೆ ಕೊಕ್ಕೆ, ಒಳಗಿನಿಂದ ಗಟ್ಟಿ ಚಿಲಕ. ಎಲ್ಲಕ್ಕೂ ಹೂಂ ಅಂದರು. ಯಾವಾಗ ಸಿಗುತ್ತದೆ ಎಂದು ನಾನು ಕೇಳಿದ್ದಕ್ಕೆ ತಲೆ ತುರಿಸಿಕೊಂಡರು.

"ಸರ, ಹೊಸಾ ಗಾಡಿ ಬರಬೇಕು, ಬಾಡಿ ಆಗಬೇಕು, ಆರ್‌ಟಿಓದಾಗ ಪಾಸ್ ಆಗಬೇಕು. ದೀಪಾವಳಿ ಮಾತು ಬಿಡ್ರಿ. ಯುಗಾದಿಗೆ ಕೊಟ್ಟರ ನನಗೊಂದು ಶಾಲು ಹೊದಸ್ರಿ."

ಇನ್ನೊಂದು ದಾರಿಯೂ ಇತ್ತು. ಧಾರವಾಡದಲ್ಲಿ ನಿವೃತ್ತ ಮಾಸ್ತರರೊಬ್ಬರು ತಮ್ಮ ಕ್ಯಾಂಪರ್ ವ್ಯಾನನ್ನು ಮಾರಲು ಇಟ್ಟಿದ್ದರು. ಕಾಗದಪತ್ರ ಎಲ್ಲ ಸರಿಯಿತ್ತು, ಅಂದೇ ತರಬಹುದಿತ್ತು. ಒಳಗೆ ಮಾತ್ರ ಬಟ್ಟೆಯ ಸೀಟು, ನೆಲಕ್ಕೆ ಜಮಖಾನೆಯಂಥ ಹಾಸು, ಕಿಟಕಿಗೆಲ್ಲ ಪರದೆ. ಒಲೆಗೆ ಒತ್ತಿಕೊಂಡೇ ಪಾಯಖಾನೆ.

"ಒಮ್ಮೆ ಗೋಕರ್ಣಕ್ಕ ಹೋಗಿ ಬಂದೇವ್ರಿ, ಅಷ್ಟ" ಎಂದರು ಮಾಸ್ತರರು. "ಒಲಿ ಇಲ್ಲೆ, ಪಾಯಖಾನಿ ಇಲ್ಲೆ ಅಂತ ನಮ್ಮ ಮನಿಯವರು ಒಲಿ ಹಚ್ಚಲೇ ಇಲ್ಲ. ಬರೇ ಬಾಳಿಹಣ್ಣಿನ ಮ್ಯಾಲ ಕಳದರು."

"ಅದೂ ಗಾಡಿ ಇಳದು ತಿಂದೇನ್ರಿ ಅಕ್ಕಾ" ಎಂದು ಅವರ ಹೆಂಡತಿ ಬಾಗಿಲಲ್ಲೇ ನಿಂತು ಸೇರಿಸಿದರು.

ನನ್ನವಳು ನಕ್ಕಳು. ಸೀಟಿನ ಮೇಲೆ ಕೈಯಾಡಿಸಿ, ಬೆರಳಿಗೆ ಹತ್ತಿದ ಧೂಳನ್ನು ನೋಡಿಕೊಂಡಳು. ಅಲ್ಲೇ ನಾನು ಮನಸ್ಸಿನಲ್ಲಿ ಬೇಡವೆಂದು ತೀರ್ಮಾನ ಮಾಡಿದೆ. ಕಟ್ಟಿಸುವುದೇ ಸರಿ.

ಆದರೆ ಆ ವಾರವೇ ಡಾಕ್ಟರು ನನ್ನೊಬ್ಬನನ್ನು ಒಳಗೆ ಕರೆದು ಬೇರೆ ಮಾತು ಹೇಳಿದ್ದರು. ಆ ಸೋಂಕಾದ ಮೇಲೆ ಹೊಟ್ಟೆಯ ಒಳಪೊರೆ ಮೊದಲಿನ ಹಾಗೆ ಕೆಲಸ ಮಾಡುತ್ತಿಲ್ಲ. ಈ ಪದ್ಧತಿ ಎಷ್ಟು ದಿನ ನಡೆಯುತ್ತದೆ ಎಂದು ಹೇಳಲಾಗದು. ಅದು ನಿಂತರೆ ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರವೇ ಗತಿ. ಆಮೇಲೆ ದೂರದ ಊರಿನ ಆಸೆಯನ್ನೇ ಬಿಡಬೇಕಾದೀತು. ಇದನ್ನು ನಾನು ಆಕೆಗೆ ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಆಕೆ ಸೌತೆಕಾಯಿ ಹೆಚ್ಚುತ್ತ ಕೂತಿದ್ದಳು.

"ಕಟ್ಟಸೂಣು" ಅಂದೆ. "ನಿನಗ ಬೇಕಾದ್ಹಂಗ ಆಗ್ತದ."

"ಯುಗಾದಿಗೆ ಆಗ್ತದ."

"ಆಗ್ಲಿ ಬಿಡು. ಯುಗಾದಿ ಏನ ಓಡಿ ಹೋಗ್ತದ?"

"ಯುಗಾದಿ ಓಡೂದಿಲ್ರಿ. ನನ್ನ ಹೊಟ್ಟಿ ಅಲ್ಲೀತನಕಾ ತಡೀತದೋ ಇಲ್ಲೋ? ಡಾಕ್ಟರ್ ನಿಮಗ ಹೇಳಿದ್ದನ್ನ ನಾ ಬಾಗಲದಾಗ ನಿಂತು ಕೇಳೇನಿ."

ಕುಕ್ಕರು ಕೂಗಿತು. ಎದ್ದು ಹೋಗಿ ಒಲೆ ಆರಿಸಿ ಬಂದೆ.

"ಮಾಸ್ತರರ ಗಾಡ್ಯಾಗ ಮತ್ತ ಸೋಂಕಾದರ?" ಎಂದೆ.

"ಮನ್ಯಾಗೂ ಆಗಬಹುದು." ಹೆಚ್ಚಿದ್ದನ್ನು ತಟ್ಟೆಗೆ ಸರಿಸಿದಳು. "ಅಕ್ಕನ್ನ ನೋಡದ ಆಗೂದಕ್ಕಿಂತ, ನೋಡಿ ಆಗಲಿ. ಮಾಸ್ತರರಿಗೆ ಫೋನ್ ಮಾಡ್ರಿ."

ಮಾಡಿದೆ. ವ್ಯಾನು ತಂದು ತಾರಿಹಾಳದವರಿಗೇ ಒಪ್ಪಿಸಿದೆವು. "ನನ್ನ ಶಾಲು ಹೋತಲ್ರಿ ಅಕ್ಕಾರ" ಎಂದು ಗೊಣಗುತ್ತಲೇ ಅವರು ಬಟ್ಟೆಯನ್ನೆಲ್ಲ ಕಿತ್ತು ರೆಕ್ಸಿನ್ ಹೊದಿಸಿದರು. ಒಲೆ ತೆಗೆದು ಆ ಬದಿಗೆ ಬೇಸಿನ್ ಕೂಡಿಸಿ, ಪಾಯಖಾನೆಯ ಕದಕ್ಕೆ ಬಿಗಿಯಾಗಿ ರಬ್ಬರ್ ಪಟ್ಟಿ ಹೊಡೆದರು. ಕೊಕ್ಕೆಯ ಎತ್ತರವನ್ನು ಆಕೆಯೇ ಕೂತು ತೋರಿಸಿದಳು. ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು.

ಮೂರು ಸಲ ಸೊಲ್ಲಾಪುರಕ್ಕೆ ಹೋಗಿ ಬಂದೆವು. ಸಂಕ್ರಾಂತಿ ಕಳೆದು ಕೆಲವು ವಾರಕ್ಕೆ ಹೊಟ್ಟೆಯ ಡಯಾಲಿಸಿಸ್ ನಿಂತಿತು. ಈಗ ವಾರಕ್ಕೆ ಮೂರು ದಿನ ಆಸ್ಪತ್ರೆ. ಹೋಗಿ ಬಂದ ದಿನ ಆಕೆಗೆ ಮಾತಾಡುವಷ್ಟೂ ಶಕ್ತಿ ಇರುವುದಿಲ್ಲ. ಹೊಸ ಗಾಡಿ ಕಟ್ಟಿಸಿದ್ದರೆ ಆ ಹೊತ್ತಿಗೆ ಅದಕ್ಕೆ ಬಣ್ಣವೂ ಆಗಿರುತ್ತಿರಲಿಲ್ಲ.

ಮೊದಲ ಸಲ ಹೋದಾಗ ಸಂಜೆಯಾಗಿತ್ತು. ನಾವು ಮುಟ್ಟುವುದಕ್ಕೂ ಆಕೆಯ ಚೀಲದ ಹೊತ್ತಾಗುವುದಕ್ಕೂ ಸರಿಹೋಯಿತು. ಅಕ್ಕ ನಾಲ್ಕು ಕಾಲಿನ ಕೋಲು ಊರಿಕೊಂಡು ಬಾಗಿಲಿಗೆ ಬಂದರು. ತಂಗಿಯ ಮುಖವನ್ನು ವ್ಯಾನಿನ ಗಾಜಿನಾಚೆ ನೋಡಿದರು, ಅಷ್ಟೇ. ಚೀಲ ತೂಗುಹಾಕಿ ನಾನು ಇಳಿದೆ, ಆಕೆ ಒಳಗಿನಿಂದ ಕದ ಹಾಕಿಕೊಂಡಳು. ಕಾರಣ ಹೇಳಿದೆ. ಅಕ್ಕ ತಲೆಯಾಡಿಸಿದರು. ನಾನು ಕುರ್ಚಿ ತಂದು ವ್ಯಾನಿನ ಪಕ್ಕ ಹಾಕಿದೆ.

"ಎಷ್ಟೊತ್ತರೀ?"

"ಅರ್ಧಾ ತಾಸ್ರಿ ಅಕ್ಕಾರ. ಆಕಿ ಒಳಗಿಂದ ಮಾತಾಡೂದಿಲ್ಲ."

"ಕೇಳಸ್ತದಿಲ್ಲೋ?"

"ಕೇಳಸ್ತದ್ರಿ."

ಅಕ್ಕ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆಸಿಕೊಂಡರು. ತಗಡಿನ ಮೇಲೆ ಅಂಗೈ ಇಟ್ಟು ಕೂತು, "ಹಂಗಾರ ಕೇಳು" ಎಂದು ಶುರುಮಾಡಿದರು. "ಮ್ಯಾಲಿನ ಮನಿಯಾಕಿ ಮತ್ತ ನಳದ ನೀರಿಗೆ ಜಗಳಾ ತೆಗದಾಳ..."