ಕೊನೆಯ ಪಾಳಿ

ಕಳೆದ ವಾರ ಮಂಗಳೂರಿನ ಅಂಗಡಿಯೊಂದರಿಂದ ಟ್ಯೂನಾ ಡಬ್ಬಿ ತಂದೆ. ಮುಚ್ಚಳ ತೆರೆದಾಗ ಎಣ್ಣೆ, ಉಪ್ಪು, ಬೆಂದ ಮೀನಿನ ವಾಸನೆ... ಕುವೈತಿನ ಮಂಗಾಫ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದವನು ನೆನಪಾದ.

ಅವನು ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾದವನು. ನಾನಾಗ ಕುವೈತಿನ ಇಂಗ್ಲಿಷ್ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೆ. ಆದರೂ ಆ ದ್ವೀಪದ ಕತೆ ಗೊತ್ತಾದದ್ದು ಅವನಿಂದಲೇ. ಹಿಂದೆ ಅಮೆರಿಕದ ನೌಕಾಪಡೆಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಒಂದು ಬಂದರು ಬೇಕಿತ್ತು. ದ್ವೀಪದ ಮುಖಂಡರು ರುಜು ಹಾಕಿದರು. ಅಂದಿನಿಂದ ಬಾವುಟ ಅಮೆರಿಕದ್ದು, ಅಧ್ಯಕ್ಷರನ್ನು ಆರಿಸುವ ಮತ ಮಾತ್ರ ಇಲ್ಲ. ಭೂಮಿ ಕುಟುಂಬದ್ದು, ಹೊರಗಿನವರಿಗೆ ಮಾರುವಂತಿಲ್ಲ. ಹೊಟ್ಟೆಪಾಡಿಗೆ ಮುಖ್ಯವಾಗಿ ಎರಡು ದಾರಿ: ಮೀನನ್ನು ಡಬ್ಬಿಗೆ ತುಂಬುವುದು, ಇಲ್ಲವೇ ಸೈನ್ಯಕ್ಕೆ ಸೇರುವುದು. ಅಮ್ಮ ಡಬ್ಬಿ ಕಾರ್ಖಾನೆಗೆ ಹೋದಳು, ಮಗ ಸೈನ್ಯಕ್ಕೆ. ಸೈನ್ಯ ಬಿಟ್ಟ ಮೇಲೆ ಅವನು ಕುವೈತಿಗೆ ಬಂದು, ಮೀನಾ ಅಬ್ದುಲ್ಲಾ ಎಂಬಲ್ಲಿನ ಗೋದಾಮುಗಳಿಂದ ಅಮೆರಿಕದ ಸೇನಾ ಶಿಬಿರಕ್ಕೆ ಲಾರಿ ಓಡಿಸುತ್ತಿದ್ದ.

ಕಟ್ಟಡದ ಕೆಳಗಿನ ಅಂಗಡಿಗೆ ಬಂದರೆ ಟ್ಯೂನಾ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ, ಯಾವ ದೇಶದಲ್ಲಿ ತುಂಬಿದ್ದೆಂದು ಓದಿ, ಮುಖ ಸಿಂಡರಿಸಿ ಹಿಂದಕ್ಕಿಡುತ್ತಿದ್ದ. ಅಂಗಡಿ ನಡೆಸುತ್ತಿದ್ದ ಮಂಗಳೂರು ಕಡೆಯ ಬ್ಯಾರಿ ನನ್ನ ಹತ್ತಿರ, "ಸಾರ್, ನಿಮ್ಮ ಪೈಲ್ವಾನರಿಗೆ ಹೇಳಿ. ಡಬ್ಬಿ ಇರುವುದು ತಿನ್ಲಿಕ್ಕೆ, ಓದ್ಲಿಕ್ಕೆ ನಿಮ್ಮ ಪೇಪರ್ ಉಂಟಲ್ಲ" ಎನ್ನುತ್ತಿದ್ದ.

2009ರಲ್ಲಿ ಅವನ ಅಮ್ಮನ ಕಾರ್ಖಾನೆ ಮುಚ್ಚುವುದು ಖಚಿತವಾಯಿತು. ಹುಡುಗಿಯಾಗಿದ್ದಾಗಿನಿಂದ ಅಲ್ಲಿ ಮೀನು ಸೀಳಿದವಳು. ಕಾಲು ಊದಿಕೊಂಡಿದೆ, ಇನ್ನು ಹೋಗುವುದಿಲ್ಲ ಅಂದಳಂತೆ. ಕೊನೆಯ ಪಾಳಿಯವರೆಗೂ ಹೋಗು, ಎಲ್ಲರ ಜೊತೆ ತಲೆಯೆತ್ತಿಕೊಂಡು ಹೊರಗೆ ಬಾ ಎಂದು ಮಗ ಫೋನಿನಲ್ಲಿ ಹಟ ಹಿಡಿದು ಒಪ್ಪಿಸಿದ್ದ.

ಮುಚ್ಚಲು ಒಂದೇ ದಿನ ಉಳಿದಿದ್ದಾಗ ಸುನಾಮಿ ಬಂತು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಫೋನ್ ಸಂಪರ್ಕ ಕಡಿದಿತ್ತು. ಮರುದಿನ ಅವನು ನನ್ನ ಕಚೇರಿಗೇ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತ. ಕಾರ್ಖಾನೆ ಇದ್ದದ್ದು ಬಂದರಿನಲ್ಲಿ, ನೀರಿಗೆ ತಾಗಿಕೊಂಡೇ. ಬೆಳಗಿನ ಪಾಳಿಯ ಅಮ್ಮ ಆ ಹೊತ್ತಿಗೆ ಒಳಗಿರಬೇಕು.

"ನನ್ನ ಮಾತು ಕೇಳದೆ ಇದ್ದಿರಲಿ, ಬ್ರದರ್," ಅಂದ. "ಒಂದೇ ಒಂದು ಸಲ ಕೇಳದೆ ಇದ್ದಿರಲಿ."

ಸುದ್ದಿಸಂಸ್ಥೆಗಳಿಂದ ಸತ್ತವರ ಸಂಖ್ಯೆ ಬರುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಮಧ್ಯಾಹ್ನ ಒಂದು ಚಿತ್ರ ಬಂತು. ರಸ್ತೆಯ ಮೇಲೆ ದೋಣಿಗಳು, ಮಗುಚಿದ ಕಾರುಗಳು, ಅವುಗಳ ಹಿಂದೆ ನೆಟ್ಟಗೆ ನಿಂತ ಕಾರ್ಖಾನೆ. ಒಳಗಿದ್ದ ಕೆಲಸಗಾರರು ಮೇಲಕ್ಕೆ ಹತ್ತಿ ಉಳಿದುಕೊಂಡರೆಂದು ಅಡಿಬರಹದಲ್ಲಿತ್ತು. ನಾನು ಓದಿ ಹೇಳಿದೆ. ಅವನು ಪರದೆಯ ಮೇಲೆ ಬೆರಳೊತ್ತಿ ಹಿಡಿದ. ಅಲ್ಲಿಯವರೆಗೆ ಅಮ್ಮ ಹೋಗಿರದಿರಲಿ ಎಂದು ಬೇಡುತ್ತಿದ್ದವನು, ಈಗ ಹೋಗಿರಲಿ ಎಂದು ಬೇಡತೊಡಗಿದ...

ಸಂಜೆ ತಂಗಿಯ ಕರೆ ಬಂತು. ಅಮ್ಮ ಅಂದು ಪಾಳಿಗೆ ಹೋಗಿರಲಿಲ್ಲ. ಅಗಲುವವರಿಗೆ ಹೂಮಾಲೆ ಹಾಕಿ ಕಳಿಸುವುದು ಅವರ ಪದ್ಧತಿ. ಕೊನೆಯ ದಿನ ತನ್ನ ಸಾಲಿನಲ್ಲಿ ಮೀನು ಸೀಳುವ ಹೆಂಗಸರಿಗೆಲ್ಲ ಹಾಕಬೇಕೆಂದು ಒಂದು ದಿನ ರಜೆ ಪಡೆದು, ಬೆಳಕು ಹರಿಯುತ್ತಲೇ ಮನೆ ಮುಂದಿನ ದಂಡೆಯಲ್ಲಿ ಹೂ ಕೊಯ್ಯುತ್ತಿದ್ದಳಂತೆ.

ಅವನು ಫೋನನ್ನು ಮೇಜಿನ ಮೇಲಿಟ್ಟ. "ಕೇಳಲಿಲ್ಲ, ಬ್ರದರ್," ಅಂದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ.

ಆ ದ್ವೀಪಕ್ಕೆ ಯಾವಾಗಲೂ ವಿಮಾನಗಳು ಕಡಿಮೆ. ಅವನು ತಲುಪುವಷ್ಟರಲ್ಲಿ ಅಮ್ಮನನ್ನು ಮಣ್ಣು ಮಾಡಿಯಾಗಿತ್ತು. ಮತ್ತೆ ಕುವೈತಿಗೆ ಬರಲಿಲ್ಲ. ಕೆಲವು ತಿಂಗಳ ನಂತರ ಒಮ್ಮೆ ಕರೆ ಮಾಡಿದ್ದ. ಸತ್ತವರು ಮನೆಯವರ ಜೊತೆಗೇ ಇರಲೆಂದು ಅವರಲ್ಲಿ ಬಾಗಿಲ ಎದುರಿನ ಸ್ವಂತ ನೆಲದಲ್ಲೇ ಹೂಳುತ್ತಾರೆ. ಅಮ್ಮನನ್ನೂ ಹಾಗೆಯೇ ಹೂಳಿದ್ದರು. ಆದರೆ ಅಲೆ ಬಂದ ಮೇಲೆ ದಂಡೆಯಲ್ಲಿ ಮನೆ ಕಟ್ಟಲು ಯಾರಿಗೂ ಧೈರ್ಯವಿರಲಿಲ್ಲ.

ಈಗ ಆ ನಂಬರಿಗೆ ಕರೆ ಹೋಗುವುದಿಲ್ಲ, ನಿನ್ನೆಯೂ ಪ್ರಯತ್ನಿಸಿದೆ. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ ತಿಳಿಯದು. ನನ್ನಲ್ಲಿ ಉಳಿದಿರುವುದು ಆ ಕರೆಯಲ್ಲಿ ಅವನು ಕೊನೆಗೆ ಹೇಳಿದ್ದಷ್ಟೇ.

"ನಾವೆಲ್ಲ ಗುಡ್ಡದ ಮೇಲೆ ಮನೆ ಮಾಡಿದೆವು, ಬ್ರದರ್. ಅಮ್ಮ ಒಬ್ಬಳೇ ಕೆಳಗಿದ್ದಾಳೆ."