ಎಣ್ಣೆಗೆ ಹಾಕಿದ ಬೀಗ

ಬೀಗದಣ್ಣನ ಕೈಗೆ ಸಿಕ್ಕ ಬೀಗ ಬಾಯಿ ಬಿಡಲೇಬೇಕು. ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಮುದುರಿ ಕೂತು, ಅರದಿಂದ ಕೀಲಿ ಉಜ್ಜುತ್ತಲೇ ತಲೆ ನರೆಸಿಕೊಂಡವನು ಅವನು. ಕೈಗಿಂತ ಬಾಯಿ ಚುರುಕು. "ನಿಮಗೆ ಕೊಬ್ಬು ಜಾಸ್ತಿ ಕಣ್ರೀ" ಎಂದು ಹೆಂಡತಿ ಮದುವೆಯಾದಾಗಿನಿಂದ ಬಯ್ಯುತ್ತಲೇ ಬಂದಿದ್ದಳು.

ಅವನಿಗೆ ಎದೆನೋವು ಬಂದಾಗ ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ, "ಕೊಬ್ಬು ಜಾಸ್ತಿ ಇದೆ, ಕಮ್ಮಿ ಮಾಡಿ" ಎಂದರು. ಈ ಸಲ ಆ ಮಾತು ಕೇಳಿ ಹೆಂಡತಿ ಹೆದರಿಬಿಟ್ಟಳು. ಮನೆಗೆ ಬಂದವಳೇ ಹಾಲು, ಮೊಟ್ಟೆ, ಮೀನು ಎಲ್ಲ ನಿಲ್ಲಿಸಿದಳು. ಆಗಷ್ಟೇ ತಂದಿದ್ದ ಎಣ್ಣೆ ಡಬ್ಬವನ್ನು ಚೆಲ್ಲಲು ಮನಸ್ಸಾಗದೆ ಹಿತ್ತಲಿನ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಳು. ಕರುಳು ಕರಗಿ ತಾನೇ ತೆಗೆದುಕೊಟ್ಟುಬಿಟ್ಟೇನೆಂಬ ಭಯಕ್ಕೆ ಕೀಲಿಯನ್ನು ಚರಂಡಿಗೆ ಎಸೆದಳು. ಬೀಗದವನ ಮನೆಯಲ್ಲಿ ಬೀಗ! ತಾನಿಲ್ಲದಾಗ ಬೀಗ ತೆಗೆದು, ಏನಾದರೂ ಕರಿದು ತಿನ್ನುತ್ತಾನೆಂದು ಅವಳಿಗೆ ಖಾತ್ರಿ. ದಿನಾ ಚುಚ್ಚುತ್ತಿದ್ದಳು. ಅವನು ಬೇಯಿಸಿದ ಸೊಪ್ಪು ಅಗಿಯುತ್ತಾ ನಗುತ್ತಿದ್ದ.

ಚಳಿಗಾಲವಿಡೀ ನೆಗಡಿ, ಕೆಮ್ಮು ಅವನನ್ನು ಬಿಡಲಿಲ್ಲ. ಅರ ಜಾರಿ ಹೆಬ್ಬೆರಳಿಗೆ ಆದ ಗಾಯವಂತೂ ಮಾಯುವ ಹೆಸರೇ ಎತ್ತಲಿಲ್ಲ, ಕೀವು ತುಂಬಿತು. ಆ ಬೆರಳು ಹೋದರೆ ಅವನ ಕಸುಬೇ ಹೋದಂತೆ. ಮತ್ತೆ ಡಾಕ್ಟರಮ್ಮನ ಬಳಿ ಓಡಿದರು. ಅವರು ಪರೀಕ್ಷೆ ಮಾಡಿ ನೋಡಿದರೆ ಸಕ್ಕರೆ ಕಾಯಿಲೆಯೂ ಇರಲಿಲ್ಲ.

"ಊಟ ಏನು ಕೊಡ್ತೀರಮ್ಮ?"

"ಒಂದು ತೊಟ್ಟು ಎಣ್ಣೆ ಹಾಕಲ್ಲ. ಇವರೇ ಕದ್ದು ತಿಂತಾರೆ ಅಂತ ಅನುಮಾನ."

"ಅಯ್ಯೋ, ಕಮ್ಮಿ ಮಾಡಿ ಅಂದೆ, ಪೂರ್ತಿ ಬಿಡಿ ಅಂದ್ನಾ? ರೋಗದ ಜೊತೆ ಹೊಡೆದಾಡೋ ಕಣಗಳಿಗೂ ಒಳ್ಳೆ ಕೊಬ್ಬು ಬೇಕು. ಸೊಪ್ಪಲ್ಲಿರೋ ಕೆಲವು ವಿಟಮಿನ್ ಮೈಗೆ ಹತ್ತೋದೇ ಎಣ್ಣೆ ಸೇರಿದ್ರೆ. ಮೊಟ್ಟೆ, ಮೀನೂ ಬಿಡಿಸಿದ್ರೆ ಮೈಗೆ ಶಕ್ತಿ ಎಲ್ಲಿಂದ ಬರುತ್ತೆ?" ಗಾಯ ತೊಳೆದು ಪಟ್ಟಿ ಕಟ್ಟಿ, ಮಾತ್ರೆ ಬರೆದುಕೊಟ್ಟರು.

ಅವಳು ಮನೆಗೆ ಬಂದು ಪೆಟ್ಟಿಗೆ ತೋರಿಸಿ, "ತೆಗೀರಿ" ಎಂದಳು.

ಅವನು ಎಡಗೈಯಲ್ಲಿ ತಂತಿ ತೂರಿಸಿದ. ಬೀಗ ಜಪ್ಪಯ್ಯ ಎನ್ನಲಿಲ್ಲ. ಅಂಗಡಿಯ ಚೀಲದಿಂದ ಮೆಷಿನ್ ಎಣ್ಣೆ ತೆಗೆದು ಒಂದು ಹನಿ ಬಿಟ್ಟ. "ಇದಕ್ಕೂ ಸ್ವಲ್ಪ ಕೊಬ್ಬು ಬೇಕು ಕಣೇ." ಮೆಲ್ಲಗೆ ತಟ್ಟಿದ. ಬೀಗ ಬಾಯಿ ಬಿಟ್ಟಿತು. ತುಕ್ಕಿನ ಪುಡಿ ಅವಳ ಅಂಗೈಗೆ ಉದುರಿತು.

ದಿನಾ ತೆಗೆಯುವ ಬೀಗ ಹೀಗೆ ತುಕ್ಕು ಹಿಡಿಯುವುದಿಲ್ಲ. ಬೀಗದವನ ಹೆಂಡತಿಗೆ ಅದನ್ನು ಹೇಳಿಕೊಡಬೇಕಿರಲಿಲ್ಲ. ಒಳಗೆ ಡಬ್ಬದ ಮುಚ್ಚಳದ ಸೀಲೂ ಒಡೆದಿರಲಿಲ್ಲ. ಅವಳಿಗೆ ದುಃಖ ಉಕ್ಕಿಬಂತು.

"ಒಂದು ಗಳಿಗೆ ಕೆಲಸ ನಿಮಗೆ. ಯಾಕ್ರೀ ತೆಗೀಲಿಲ್ಲ?"

"ಊರವರ ಬೀಗ ಆಗಿದ್ರೆ ತೆಗೀತಿದ್ದೆ. ಇದು ನೀನು ಹೆದರಿ ಹಾಕಿದ್ದಲ್ವಾ."

ರಾತ್ರಿ ಊಟಕ್ಕೆ ಅವಳು ಸೊಪ್ಪನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿದಳು. ಅವನು ತನ್ನ ತಟ್ಟೆಯಲ್ಲಿದ್ದುದರಲ್ಲಿ ಅರ್ಧ ತೆಗೆದು ಅವಳ ತಟ್ಟೆಗೆ ಹಾಕಿದ. ಇಷ್ಟು ದಿನ ಅವಳೂ ಅದೇ ಸಪ್ಪೆ ಸೊಪ್ಪು ತಿಂದಿದ್ದಳು.