ಐದು ಟ್ರೇಯ ಪೆಟ್ಟಿಗೆ

ಅಮ್ಮ ಸತ್ತ ಮೂರನೇ ತಿಂಗಳಲ್ಲಿ ನಾನು ಒಂದು ಟೂಲ್ ಬಾಕ್ಸ್ ಕೊಂಡೆ. ಯಾಕೆ ಕೊಂಡೆ ಅಂತ ಆಮೇಲೆ ಹಲವರು ಕೇಳಿದ್ದಾರೆ, ನಾನೂ ಕೇಳಿಕೊಂಡಿದ್ದೇನೆ. ಸರಿಯಾದ ಉತ್ತರ ಇವತ್ತಿಗೂ ಇಲ್ಲ. ತೊಂಬತ್ತೇಳನೇ ಇಸವಿಯೋ ತೊಂಬತ್ತೆಂಟೋ ಇರಬೇಕು, ನನಗೆ ಇಪ್ಪತ್ತಮೂರು. ಚಾಮರಾಜಪೇಟೆಯ ಒಂದು ಸ್ಕೂಟರ್ ಗ್ಯಾರೇಜಿನಲ್ಲಿ ಏಳು ವರ್ಷದಿಂದ ಕೆಲಸಕ್ಕಿದ್ದೆ.

ಅಮ್ಮ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಸೊಪ್ಪು ಮಾರುತ್ತಿದ್ದಳು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರಿಂದ ಹನುಮಂತನಗರದ ವಠಾರದ ಒಂದೂವರೆ ಕೋಣೆಯಲ್ಲಿ ನಾವಿಬ್ಬರೇ. ನಾಲ್ಕು ದಿನ ಜ್ವರ ಅಂತ ಮಲಗಿದಳು, ಐದನೇ ದಿನ ಇಲ್ಲ. ನಾನು ಅಳಲಿಲ್ಲ. ಅಳಬಾರದು ಅಂತ ಹಟವೇನೂ ಇರಲಿಲ್ಲ, ಬರಲಿಲ್ಲ ಅಷ್ಟೆ. ತಿಥಿಗೆ ಬಂದ ನೆಂಟರು ಹುಡುಗ ಗಟ್ಟಿ, ತಡೆದುಕೊಂಡಿದ್ದಾನೆ ಅಂತ ನನ್ನೆದುರಿಗೇ ಹೊಗಳಿದರು. ಏನನ್ನು ತಡೆದುಕೊಂಡಿದ್ದೆನೋ ನನಗಂತೂ ಗೊತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಹೇಗಿರುತ್ತದೋ, ನನಗೆ ಮೈಯೆಲ್ಲ ಹಾಗಿತ್ತು. ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದೆ. ಊಟ ಆಯ್ತಾ ಅಂದರೆ ಹೂಂ. ನಿದ್ದೆ ಬರುತ್ತಾ ಅಂದರೆ ಹೂಂ. ಹೂಂ ಅಂದರೆ ಜನ ಬೇಗ ಎದ್ದು ಹೋಗುತ್ತಾರೆ, ಅದೊಂದು ಅನುಕೂಲ.

ಒಂದು ಭಾನುವಾರ ಅಮ್ಮನ ಪಕ್ಕ ಕೂತು ಸೊಪ್ಪು ಮಾರುತ್ತಿದ್ದ ಹೆಂಗಸರು ಮನೆ ಬಾಗಿಲಿಗೆ ಬಂದರು. ಅವರೆಲ್ಲ ಸೇರಿ ಹಾಕುತ್ತಿದ್ದ ಚೀಟಿಯಲ್ಲಿ ಅಮ್ಮನ ಸರದಿ ಬಂದಿತ್ತಂತೆ. ಕರ್ಚೀಫಿನಲ್ಲಿ ಕಟ್ಟಿದ ದುಡ್ಡನ್ನು ಕೈಗಿಟ್ಟು, ಮದುವೆಗೆ ಆಗುತ್ತೆ ಇಟ್ಟುಕೋಪ್ಪ ಅಂದು, ಒಳಗೂ ಬರದೆ ಹೋದರು. ಅವರಿಗೂ ಹೂಂ ಅಂದೆ. ಮಾರನೇ ದಿನ ಗ್ಯಾರೇಜಿಗೆ ರಜ ಹಾಕಿ, ಆ ಗಂಟನ್ನು ಜೇಬಿನಲ್ಲಿಟ್ಟುಕೊಂಡು ಎಸ್.ಜೆ.ಪಿ. ರಸ್ತೆಗೆ ಸೈಕಲ್ ತುಳಿದೆ.

ಆ ರಸ್ತೆಯ ಟೂಲ್ಸ್ ಅಂಗಡಿಗಳ ಮುಂದೆ ನಾನು ಎಷ್ಟೋ ಸಲ ಬಾಯಿ ಬಿಟ್ಟುಕೊಂಡು ನಿಂತಿದ್ದೇನೆ. ಯಾವುದರಲ್ಲಿ ಯಾವ ಪೆಟ್ಟಿಗೆ ಇದೆ ಅಂತ ನೋಡದೇ ಹೇಳುತ್ತಿದ್ದೆ. ಆವತ್ತು ಮಾತ್ರ ರೇಷನ್ ಅಂಗಡಿಗೆ ಬಂದವನ ಹಾಗೆ ಒಂದೇ ಉಸಿರಿಗೆ ಪಟ್ಟಿ ಒಪ್ಪಿಸಿದೆ. ಐದು ಟ್ರೇಯ ನೀಲಿ ಕಬ್ಬಿಣದ ಪೆಟ್ಟಿಗೆ, ಹಿಡಿ ಎಳೆದರೆ ಎರಡೂ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ತೆರೆದುಕೊಳ್ಳುವಂಥದ್ದು. ರಿಂಗ್ ಸ್ಪ್ಯಾನರ್ ಒಂದು ಸೆಟ್, ಸಾಕೆಟ್ ಒಂದು ಸೆಟ್, ಪ್ಲಗ್ ಸ್ಪ್ಯಾನರ್, ನೋಸ್ ಪ್ಲೈಯರ್, ಮ್ಯಾಗ್ನೆಟ್ ಬಿಚ್ಚುವ ಪುಲ್ಲರ್, ಪಾಯಿಂಟ್ ಗ್ಯಾಪ್ ನೋಡಲು ಫೀಲರ್ ಗೇಜ್. ಟಾರ್ಕ್ ರೆಂಚನ್ನೂ ಕೊಂಡೆ. ನಟ್ಟು ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವ ಆ ಉಪಕರಣ ನಮ್ಮ ಗ್ಯಾರೇಜಿನಲ್ಲಿ ಇರಲೇ ಇಲ್ಲ, ನಮ್ಮಲ್ಲಿ ಗ್ಯಾರೇಜು ನಡೆಸುತ್ತಿದ್ದ ಮೇಸ್ತ್ರಿಯ ತೋಳೇ ಟಾರ್ಕ್ ರೆಂಚು. ಅಂಗಡಿಯವರು ಸ್ವಂತ ಗ್ಯಾರೇಜಾ ಅಂತ ಕೇಳಿದರು. ಹೂಂ ಅಂದೆ. ಸಂತೋಷಪಟ್ಟು ಒಂದು ಟೆಸ್ಟರ್ ಪುಕ್ಕಟೆ ಹಾಕಿದರು.

ಮನೆಗೆ ತಂದು ಅಮ್ಮನ ಮಂಚದ ಪಕ್ಕ ನೆಲದ ಮೇಲಿಟ್ಟು ತೆರೆದೆ. ಎಲ್ಲವೂ ಹೊಸದು, ಎಣ್ಣೆ ಪೇಪರು ಸುತ್ತಿದ್ದು. ಏಳು ವರ್ಷ ಆಸೆಪಟ್ಟಿದ್ದು ಕಣ್ಣೆದುರಿಗಿತ್ತು, ನನಗೆ ಏನೂ ಅನ್ನಿಸಲಿಲ್ಲ. ಅಮ್ಮ ಇದ್ದಿದ್ದರೆ ಇಷ್ಟೊಂದು ಕಬ್ಬಿಣ ಯಾಕೋ ಅಂತ ಮೊದಲು ಬೈದು, ಆಮೇಲೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಎತ್ತಿ ಇದು ಏನಕ್ಕೆ, ಇದು ಏನಕ್ಕೆ ಅಂತ ಪ್ರಾಣ ತಿನ್ನುತ್ತಿದ್ದಳು. ಕೊಂಡಿದ್ದನ್ನು ಯಾರಿಗಾದರೂ ತೋರಿಸಬೇಕಲ್ಲ. ನನಗೆ ಉಳಿದಿದ್ದವರು ಮೇಸ್ತ್ರಿ ಒಬ್ಬರೇ. ಬೆಳಿಗ್ಗೆ ಪೆಟ್ಟಿಗೆಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ಗ್ಯಾರೇಜಿಗೆ ಹೋದೆ.

ಇಲ್ಲಿ ನನ್ನ ಪೆದ್ದುತನದ ವಿಷಯ ಹೇಳಬೇಕು. ನಮ್ಮ ಗ್ಯಾರೇಜಿನಲ್ಲಿ ಸ್ಪ್ಯಾನರುಗಳೆಲ್ಲ ಗ್ಯಾರೇಜಿನವೇ. ಗೋಡೆಗೆ ಹೊಡೆದ ಪ್ಲೈವುಡ್ ಹಲಗೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು, ಸಂಜೆ ಅಲ್ಲಿಗೇ ವಾಪಸ್. ಕೆಲಸದವರಿಗೆ ಸ್ವಂತದ್ದು ಅಂತ ಒಂದು ಸ್ಕ್ರೂಡ್ರೈವರೂ ಇರಲಿಲ್ಲ. ಯಾರಾದರೂ ತನ್ನದೇ ಪೆಟ್ಟಿಗೆ ತಂದಿಟ್ಟರೆ ಅವನು ಹೊರಟ ಅಂತ ಅರ್ಥ, ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಮುಂದಿನ ಅಮಾವಾಸ್ಯೆಯವರೆಗೆ ಪೆಟ್ಟಿಗೆ ಆ ಹಲಗೆಯ ಕೆಳಗೆ ಇರುತ್ತದೆ, ಅಮಾವಾಸ್ಯೆ ಪೂಜೆಯಲ್ಲಿ ಅದಕ್ಕೂ ಕುಂಕುಮ ಬೀಳುತ್ತದೆ, ಆವತ್ತೇ ಅವನು ಅದನ್ನು ಎತ್ತಿಕೊಂಡು ಹೋಗುತ್ತಾನೆ. ಹೊರಟವನನ್ನು ಯಾಕೆ ಅಂತ ಕೇಳಬಾರದು, ಇರು ಅಂತ ತಡೆಯಬಾರದು. ಅಲ್ಲಿಂದ ಹೊರಡುವ ತನಕ ಮೇಸ್ತ್ರಿ ಅದರೊಳಗೆ ಕಣ್ಣು ಹಾಯಿಸಬಾರದು, ದೃಷ್ಟಿಯಾಗುತ್ತದೆ. ಬೇರೆ ಗ್ಯಾರೇಜುಗಳಲ್ಲಿ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಹೀಗಿತ್ತು. ಹೀಗೆ ಹೋದ ಇಬ್ಬರನ್ನು ನಾನೇ ಆಟೋ ಹತ್ತಿಸಿದ್ದೆ, ಅವರ ಸಿಹಿಯನ್ನೂ ತಿಂದಿದ್ದೆ. ಆದರೂ ಪೆಟ್ಟಿಗೆ ಕಟ್ಟುವಾಗ ಇದು ಹೊಳೆಯಲಿಲ್ಲ ಅಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಲಿ, ಹೊಳೆಯಲಿಲ್ಲ.

ಮೇಸ್ತ್ರಿ ಒಂದು ಎಂಜಿನ್ ಮುಂದೆ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ನಾವೆಲ್ಲ ಅಣ್ಣ ಅನ್ನುತ್ತಿದ್ದೆವು. ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ತಲೆ ಎತ್ತಿದವರು ಕ್ಯಾರಿಯರ್ ಮೇಲಿದ್ದ ಪೆಟ್ಟಿಗೆ ನೋಡಿದರು. ಕೈ ಒರೆಸುವುದು ನಿಂತಿತು.

“ಸರಿ. ಒಳಗಿಡು,” ಅಂದರು. ಮತ್ತೆ ಎಂಜಿನ್ನಿಗೆ ತಿರುಗಿದರು.

ಜೊತೆಗೆ ಕೆಲಸ ಮಾಡುತ್ತಿದ್ದವನು, ನನಗಿಂತ ಎರಡು ವರ್ಷ ದೊಡ್ಡವನು, ಏನು ಗುರು ಓನರ್ ಆಗ್ಬಿಟ್ಟೆ ಅಂತ ಬೆನ್ನಿಗೆ ಗುದ್ದಿದ. ಆಗ ಹೊಳೆಯಿತು. ಇಲ್ಲ ಅಣ್ಣ, ನಾನು ಎಲ್ಲೂ ಹೋಗ್ತಿಲ್ಲ ಅನ್ನಬೇಕಾಗಿತ್ತು. ಅಷ್ಟೇ ಮಾತು, ಅದಕ್ಕೇನು ಓದು ಬೇಕೇ? ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದೆನೇ? ನಾನು ಹೊರಡುವುದು ಬೇರೆ ಯಾರದೋ ವಿಷಯ ಅನ್ನುವ ಹಾಗೆ ಸುಮ್ಮನೆ ಪೆಟ್ಟಿಗೆಯನ್ನು ಕ್ಯಾರಿಯರಿನಿಂದ ಬಿಚ್ಚಿ ಹಲಗೆಯ ಕೆಳಗಿಟ್ಟೆ. ನನಗೆ ಸ್ವಂತ ಗ್ಯಾರೇಜು ಬೇಕಿರಲಿಲ್ಲ. ನಾನು ತಡವಾಗಿ ಹೋದರೆ ಯಾಕೋ ಲೇಟು ಅಂತ ಕೇಳುವ ಜಾಗ ಊರಲ್ಲಿ ಅದೊಂದೇ ಉಳಿದಿತ್ತು. ಅಮಾವಾಸ್ಯೆಗೆ ಇನ್ನು ಹದಿನೆಂಟು ದಿನ ಇತ್ತು. ಹದಿನೆಂಟು ದಿನದಲ್ಲಿ ಯಾವಾಗಲಾದರೂ ಹೇಳಿದರಾಯಿತು ಅಂದುಕೊಂಡೆ.

ಮೇಸ್ತ್ರಿ ಮಾರನೇ ದಿನದಿಂದಲೇ ದೊಡ್ಡ ಕೆಲಸಗಳನ್ನೆಲ್ಲ ನನಗೆ ಕೊಡಲು ಶುರುಮಾಡಿದರು. ಪೂರಾ ಎಂಜಿನ್ ಇಳಿಸಿ ಹತ್ತಿಸುವ ಕೆಲಸ, ತಾವು ಹಿಂದೆ ನಿಂತು ನೋಡುವುದು. ಎಂಜಿನ್ ಓಡುತ್ತಿರುವಾಗ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಯಾವ ಬೇರಿಂಗ್ ಹೋಗಿದೆ ಅಂತ ಸದ್ದಿನಲ್ಲೇ ಹೇಳುವುದು ಅವರ ವಿದ್ಯೆ. ಏಳು ವರ್ಷ ಯಾರಿಗೂ ಹೇಳಿಕೊಡದಿದ್ದುದನ್ನು ಎರಡು ಮಧ್ಯಾಹ್ನದಲ್ಲಿ ಹೇಳಿಕೊಟ್ಟರು. ನನಗೆ ಬಂದ ಯೋಚನೆ ನೋಡಿ: ಬೇಗ ಮುಗಿಸಿ ಸಾಗಹಾಕುವ ಆತುರ ಇವರಿಗೆ. ನಾನಿನ್ನೂ ಜಾಗ ನೋಡಿಲ್ಲ ಅಂತ ಗೊತ್ತಾದಾಗ ತಾವೇ ಹನುಮಂತನಗರಕ್ಕೆ ಹೋಗಿ, ಗುಡ್ಡದ ಕೆಳಗಿನ ರಸ್ತೆಯಲ್ಲಿ ಹಿಟ್ಟಿನ ಗಿರಣಿಗೆ ಅಂಟಿಕೊಂಡಿದ್ದ ಒಂದು ತಗಡಿನ ಶೆಡ್ಡನ್ನು ಮಾತಾಡಿ ಬಂದರು. ಮನೆಗೆ ಹತ್ತಿರ ಆಗುತ್ತೆ ಅಂದರು. ಅದೂ ನನಗೆ ಬಾಗಿಲು ತೋರಿಸಿದ ಹಾಗೇ ಕಂಡಿತು. ಕೋಪ ಬಂದಿದ್ದರೆ ಬಾಯಾದರೂ ಬಿಡುತ್ತಿದ್ದೆನೇನೋ, ಅದೂ ಬರಲಿಲ್ಲ.

ಪೆಟ್ಟಿಗೆಯನ್ನು ಅವರು ಒಂದು ದಿನವೂ ನೋಡಲಿಲ್ಲ. ಹಲಗೆಯಿಂದ ಸ್ಪ್ಯಾನರ್ ತೆಗೆಯುವಾಗ ಅದನ್ನು ದಾಟಿಕೊಂಡೇ ಹೋಗಬೇಕಿತ್ತು, ಗೋಡೆ ಕಡೆ ಮುಖ ಮಾಡಿ ದಾಟುತ್ತಿದ್ದರು. ಪದ್ಧತಿ ಅಂತ ಗೊತ್ತಿದ್ದರೂ ನನಗೆ ಒಳಗೊಳಗೇ ಬೇಜಾರಾಗುತ್ತಿತ್ತು. ಅಷ್ಟು ದಿನಗಳಲ್ಲಿ ನನಗೆ ಅನ್ನಿಸಿದ್ದು ಅಂತ ಇದ್ದರೆ ಅದೊಂದೇ.

ಅಮಾವಾಸ್ಯೆಗೆ ಎರಡು ದಿನ ಇದ್ದಾಗ, ಜೊತೆಯವನು ಸ್ಪೇರ್ ಪಾರ್ಟ್ ತರಲು ಹೋಗಿದ್ದ ಹೊತ್ತಿನಲ್ಲಿ, ಮೇಸ್ತ್ರಿ ಎರಡು ಲೋಟ ಟೀ ತರಿಸಿದರು. ಒಂದನ್ನು ನನ್ನ ಮುಂದಿಟ್ಟು, ತಮ್ಮದನ್ನು ಪೂರ್ತಿ ಕುಡಿದು ಮುಗಿಸಿದರು. ಆಮೇಲೆ, “ಎಲ್ಲಾ ಯೋಚ್ನೆ ಮಾಡಿದೀಯಾ?” ಅಂದರು.

“ಹೂಂ,” ಅಂದೆ.

ಪದ್ಧತಿಯ ಪ್ರಕಾರ ಅವರು ಅಷ್ಟೂ ಕೇಳುವ ಹಾಗಿರಲಿಲ್ಲ. ನಾನು ಆ ಟೀ ಕುಡಿದು ಲೋಟ ತೊಳೆದಿಟ್ಟೆ.

ಅಮಾವಾಸ್ಯೆಯ ದಿನ ಮೇಸ್ತ್ರಿಯ ಹೆಂಡತಿ ಡಬ್ಬಿ ತುಂಬ ಸಜ್ಜಿಗೆ ಮಾಡಿ ಕಳಿಸಿದ್ದರು, ನನಗೆ ಅಂತಲೇ ದ್ರಾಕ್ಷಿ ಗೋಡಂಬಿ ಜಾಸ್ತಿ ಹಾಕಿ. ಹಲಗೆಗೆ ಹೂ ಹಾಕಿ, ಎಲ್ಲದಕ್ಕೂ ಕುಂಕುಮ ಹಚ್ಚಿ, ಮೇಸ್ತ್ರಿ ಕೊನೆಗೆ ನನ್ನ ಪೆಟ್ಟಿಗೆಯ ಮುಚ್ಚಳಕ್ಕೂ ಹಚ್ಚಿದರು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಅವರ ಕಾಲಿಗೆ ಬಿದ್ದೆ. ಅವರ ಚಪ್ಪಲಿಯ ಪಟ್ಟಿಯ ಮೇಲೆ ಗ್ರೀಸ್ ಮೆತ್ತಿದ್ದು ನೆನಪಿದೆ, ಬೇರೇನೂ ನೆನಪಿಲ್ಲ. ಜೊತೆಯವನು ಪೆಟ್ಟಿಗೆಯನ್ನು ಆಟೋದಲ್ಲಿಟ್ಟ. ಅದು ಇಪ್ಪತ್ತು ಕೇಜಿಯಾದರೂ ಇತ್ತು, ಹೊಸ ಓನರ್ ಕೈ ಹಾಕಬಾರದು ಅಂತ ತಾನೇ ಹೊತ್ತಿದ್ದ.

ಶೆಡ್ಡಿನ ವಿಷಯ ಹೇಳುವಂಥದ್ದೇನೂ ಇಲ್ಲ. ಬೆಳಿಗ್ಗೆ ತೆಗೆದು ಪೆಟ್ಟಿಗೆ ಬಿಡಿಸಿ ಇಟ್ಟುಕೊಂಡು ಕೂರುತ್ತಿದ್ದೆ, ಗಿರಣಿಯ ಹಿಟ್ಟು ಹಾರಿಬಂದು ಸ್ಪ್ಯಾನರುಗಳ ಮೇಲೆ ಕೂರುತ್ತಿತ್ತು. ಕೆಲಸ ಬಂದರೆ ಮಾಡುತ್ತಿದ್ದೆ. ಒಳ್ಳೆ ಉಪಕರಣ ಕೈಯಲ್ಲಿದ್ದರೆ ಕೆಲಸ ತಾನಾಗಿಯೇ ಆಗುತ್ತದೆ, ಮನಸ್ಸು ಎಲ್ಲೇ ಇರಲಿ.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಮೇಸ್ತ್ರಿ ತಮ್ಮ ಹಳೇ ಸ್ಕೂಟರ್ ತಂದು ಶೆಡ್ಡಿನ ಮುಂದೆ ಸ್ಟ್ಯಾಂಡ್ ಹಾಕಿದರು. ಪಿಕಪ್ ಇಲ್ಲ, ಕಾರ್ಬೊರೇಟರ್ ಬಿಚ್ಚಿ ನೋಡು ಅಂದರು. ಆ ಗಾಡಿಯ ಕಾರ್ಬೊರೇಟರನ್ನು ಅವರು ಕಣ್ಣು ಮುಚ್ಚಿಕೊಂಡು ಬಿಚ್ಚಬಲ್ಲರು. ಏನೂ ಕೇಳದೆ ಕೆಲಸ ಹಿಡಿದೆ. ಗಿರಾಕಿಗಳಿಗೆ ಇಟ್ಟಿದ್ದ ಸ್ಟೂಲಿನ ಮೇಲೆ ಅವರು ಕೂತರು. ಜೆಟ್ಟಿನಲ್ಲಿ ಕಸ ಇರಲಿಲ್ಲ, ಎಲ್ಲ ಫಳಫಳ ಅನ್ನುತ್ತಿತ್ತು. ಸುಮ್ಮನೆ ಪೆಟ್ರೋಲಿನಲ್ಲಿ ಅದ್ದಿ ಮತ್ತೆ ಜೋಡಿಸುತ್ತಿದ್ದೆ.

“ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ,” ಅಂದರು. “ನಿಮ್ಮಮ್ಮ ಹೋಗಿ ಮೂರು ತಿಂಗ್ಳಾಗಿತ್ತು ಅಷ್ಟೇ. ಅಷ್ಟು ಬೇಗ ಯಾಕೋ ಹೊರಟೆ? ನಾನೇನಾದ್ರೂ ಅಂದಿದ್ನಾ?”

ನಾನು ತಲೆ ಎತ್ತಲಿಲ್ಲ. “ನಾನು ಹೊರಟಿರ್ಲಿಲ್ಲ ಅಣ್ಣ.”

“ಪೆಟ್ಟಿಗೆ ತಂದಿದ್ಯಲ್ಲೋ.”

“ನಿಮಗೆ ತೋರ್ಸೋಣ ಅಂತ ತಂದಿದ್ದೆ.”

ಗಿರಣಿ ಓಡುತ್ತಿತ್ತು. ಅವರು ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡು ರಸ್ತೆ ನೋಡುತ್ತಾ ಕೂತುಬಿಟ್ಟರು. ನನ್ನ ಜಾಗಕ್ಕೆ ಹೋದ ಸೋಮವಾರವೇ ಒಬ್ಬನನ್ನು ತೆಗೆದುಕೊಂಡಾಗಿದೆ, ಅವನ ಮನೆಯವರಿಗೆ ಮಾತು ಕೊಟ್ಟಾಗಿದೆ ಅಂತ ಹೇಳಿದರು. ತಪ್ಪು ಮಾಡಿದವರ ಧ್ವನಿಯಲ್ಲಿ ಹೇಳಿದರು. ತಪ್ಪು ನನ್ನದು ಅಂತ ನನಗೆ ಗೊತ್ತಿತ್ತು. ಹದಿನೆಂಟು ದಿನ ಅವರು ನನ್ನ ಒಂದು ಮಾತಿಗೆ ಕಾದಿದ್ದರು, ನಾನು ಹೂಂ ಅಂದಿದ್ದೆ.

ಆಮೇಲೆ ಎದ್ದು ಸ್ಟೂಲನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡರು.

“ಎಲ್ಲಿ, ತೋರ್ಸು,” ಅಂದರು.

ಟ್ರೇಗಳನ್ನು ಪೂರ್ತಿ ಎಳೆದೆ. ಮೇಲಿನ ಟ್ರೇಯಿಂದ ಒಂದು ಸ್ಪ್ಯಾನರ್ ಎತ್ತಿಕೊಂಡು, ತೂಕ ನೋಡಿ, ಇದ್ಯಾವುದು ಅಂತ ಕೇಳಿದರು. ಹತ್ತು-ಹನ್ನೊಂದರ ರಿಂಗ್ ಸ್ಪ್ಯಾನರ್ ಅಂದೆ. ಅದರ ಮೇಲಿದ್ದ ಹಿಟ್ಟನ್ನು ತಮ್ಮ ಷರ್ಟಿನ ಅಂಚಿನಲ್ಲಿ ಒರೆಸಿ, ಇದ್ದ ಜಾಗದಲ್ಲೇ ಇಟ್ಟು, ಮುಂದಿನದನ್ನು ಎತ್ತಿದರು. ಮೂರನೇ ಟ್ರೇಗೆ ಬರುವ ಹೊತ್ತಿಗೆ ನನಗೆ ಅಳು ಬಂತು. ಅಮ್ಮ ಸತ್ತಾಗಿನಿಂದ ಬರದೇ ಇದ್ದದ್ದು, ಬೆಳಗಿನ ಹತ್ತು ಗಂಟೆಗೆ, ಹಿಟ್ಟು ಬೀಸಿಸಲು ನಿಂತವರೆಲ್ಲ ನೋಡುತ್ತಿರುವಾಗ ಬಂತು. ಮೇಸ್ತ್ರಿ ಸಮಾಧಾನ ಹೇಳಲಿಲ್ಲ, ಮುಂದಿನದನ್ನು ಎತ್ತಿ ಇದ್ಯಾವುದು ಅಂದರು. ಮೂಗು ಒರೆಸಿಕೊಳ್ಳುತ್ತಲೇ ಒಂದೊಂದರ ಹೆಸರು ಹೇಳಿದೆ. ಆ ಹೆಸರುಗಳನ್ನೆಲ್ಲ ನನಗೆ ಕಲಿಸಿದವರು ಅವರೇ. ಆದರೂ ಐದು ಟ್ರೇ ಮುಗಿಯುವ ತನಕ, ಗೊತ್ತಿಲ್ಲದವರ ಹಾಗೆ ಕೇಳಿಸಿಕೊಂಡರು.